ಹೊರಗೆ ನಿಂತ ಸಾಲು

ಹುಲಗೇಶನ ಬಲಗೈ ಮಣಿಕಟ್ಟಿನಿಂದ ಮುಂದೆ ಇಲ್ಲದಂತಾಗಿ ಒಂಬತ್ತು ದಿನ ಆಗಿತ್ತು. ಹಾನಗಲ್ಲಿನ ಉಪವಿಭಾಗದ ಕಚೇರಿಯಲ್ಲಿ ಅವತ್ತು ವಿಚಾರಣೆ. ಪಂಪ್‌ಹೌಸಿನ ಆಪರೇಟರ್ ಯಲ್ಲಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಎದುರಿಗೆ ಮೂರು ಕುರ್ಚಿ ಖಾಲಿ ಇದ್ದವು. ಕೂಡು ಅಂತ ಯಾರೂ ಅನ್ನಲಿಲ್ಲ.

"ನಾ ಬಂದ್ ಮಾಡಿದ್ದೆರಿ ಸಾಹೇಬ್ರ," ಅಂದ ಯಲ್ಲಪ್ಪ. ಇದನ್ನು ಅವನು ಹೇಳುತ್ತಿದ್ದದ್ದು ನಾಲ್ಕನೇ ಸಲ. "ಬಂದ್ ಮಾಡಿ, ಹಳದಿ ಲೈಟ್ ಹತ್ತಿದ್ದು ನೋಡೇ ಹುಲಗೇಶಗ ಫೋನ್ ಹಚ್ಚಿ ಕೈ ಹಾಕಪಾ ಅಂದೆ. ಆಮ್ಯಾಲ ನಾ ಒಂದು ಗುಂಡಿನೂ ಮುಟ್ಟಿಲ್ಲ."

"ಹಂಗಾರ ಇದೇನು?" ಉಪವಿಭಾಗದ ಸಾಹೇಬರಾದ ಪರಮೇಶಪ್ಪ ಒಂದು ಹಾಳೆಯನ್ನು ಮೇಜಿನ ಮೇಲೆ ಅವನ ಕಡೆ ತಿರುಗಿಸಿದರು. ಕಂಪ್ಯೂಟರ್ ತಾನೇ ಬರೆದಿಟ್ಟ ದಾಖಲೆ. ಮಂಗಳವಾರ ಬೆಳಿಗ್ಗೆ ಹತ್ತೂ ನಲವತ್ತೆರಡು: ಚಾಲೂ. ಚಾಲೂ ಮಾಡಿದವರು: ಆಪರೇಟರ್.

ಮೇಜಿನ ತುದಿಯಲ್ಲಿ ಕೂತಿದ್ದ ಶೈಲಾ ಆ ಹಾಳೆಯನ್ನು ನೋಡಲಿಲ್ಲ, ಯಲ್ಲಪ್ಪನ ಮುಖವನ್ನು ನೋಡಿದಳು. ಅವಳು ಆ ಕಚೇರಿಯ ಸಹಾಯಕ ಎಂಜಿನಿಯರ್. ಶಿಗ್ಗಾಂವಿಯವಳು, ಮೂವತ್ತನಾಲ್ಕು ವಯಸ್ಸು. ಅವಳ ಸಿಟ್ಟಿನ ಬಗ್ಗೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಬರುವ ಮುಂಚೆ ಅವಳು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಾಳೆ ಅಂತಲೂ ಗೊತ್ತಿತ್ತು. ಅವತ್ತು ಬೆಳಿಗ್ಗೆಯಿಂದ ಆ ಸದ್ದು ನಿಂತಿರಲಿಲ್ಲ.

ಪಂಪ್‌ಹೌಸು ವರದಾ ನದಿಯ ದಂಡೆಯ ಮೇಲಿತ್ತು. ಹೊಳೆಯ ನೀರನ್ನು ಎತ್ತಿ ಸುತ್ತಿನ ಕೆರೆಗಳಿಗೆ ತುಂಬಿಸುವುದು ಅದರ ಕೆಲಸ. ನೀರು ಒಳಗೆ ಬರುವ ಬಾಯಿಗೆ ಕಬ್ಬಿಣದ ಜಾಳಿಗೆ. ಜಾಳಿಗೆಗೆ ಸಿಕ್ಕಿಕೊಳ್ಳುವ ಅಂತರಗಂಗೆಯ ಕಳೆ, ಪ್ಲಾಸ್ಟಿಕ್ಕು, ಸತ್ತ ಕೋಳಿ ಎಲ್ಲವನ್ನೂ ಎತ್ತಿ ಹೊರಗೆ ಚೆಲ್ಲಲು ಸರಪಳಿಗೆ ಹಲ್ಲು ಕೂಡಿಸಿದ ಒಂದು ಯಂತ್ರ. ಅದು ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನು ಕಂಪನಿಯೊಂದು ಬರೆಸಿಕೊಟ್ಟ ಪ್ರೋಗ್ರಾಂ ನೋಡಿಕೊಳ್ಳುತ್ತಿತ್ತು. ಆ ಮಂಗಳವಾರ ಸರಪಳಿಯ ಹಲ್ಲಿಗೆ ನೈಲಾನ್ ಹಗ್ಗ ಸುತ್ತಿಕೊಂಡಿತ್ತು. ಬಿಡಿಸಲು ಕೆಳಗಿಳಿದವನು ದಿನಗೂಲಿಯ ಹುಲಗೇಶ. ಯಲ್ಲಪ್ಪನ ಊರಿನವನೇ, ಆಡೂರಿನವನು. ಬಂದ್ ಆಗಿದ್ದ ಸರಪಳಿ ನಾಲ್ಕು ನಿಮಿಷದ ಮೇಲೆ ತಿರುಗಿತು.

"ಫ್ಯೂಜ್ ಯಾಕ ತಗೀಲಿಲ್ಲ ನೀನು?" ಪರಮೇಶಪ್ಪ ಕೇಳಿದರು.

"ಆ ಪೆಟಗಿಗೆ ಕೀಲಿ ಐತ್ರಿ. ಕೀಲಿಕೈ ಇವರ ಹತ್ರ ಇರ್ತೈತ್ರಿ." ಯಲ್ಲಪ್ಪ ಕಂಪನಿಯ ಎಂಜಿನಿಯರ್ ಶರಣು ಕಡೆ ಕೈ ಮಾಡಿದ. "ಪರದಾದಾಗ ಬಂದ್ ಒತ್ತಿದ್ರ ಸಾಕು ಅಂತ ಇವರ ಕಲಿಸ್ಯಾರ."

ಪರದಾ ಅಂದರೆ ಕಂಪ್ಯೂಟರಿನ ಪರದೆ. ಶರಣು ಚಿಕ್ಕ ಪ್ರಾಯದವನು, ಇಸ್ತ್ರಿ ಮಾಡಿದ ನೀಲಿ ಅಂಗಿ, ಮಾತು ಮೆತ್ತಗೆ. "ಸರ್, ಪ್ರೋಗ್ರಾಂನಾಗ ತಪ್ಪಿಲ್ರಿ. ಅದನ್ನ ಮನಷ್ಯಾರು ಬರದದ್ದೇ ಅಲ್ಲ. ನಾವು ಡ್ರಾಯಿಂಗ್ ಮಾಡಿ ಕೊಡ್ತೇವಿ, ಕೋಡ್ ತಾನ ತಯಾರಾಗ್ತೈತಿ. ತಪ್ಪಿಗೆ ಜಾಗಾನೇ ಇಲ್ಲ. ಮತ್ತ ಅದರ ಸೋರ್ಸ್ ಕೋಡ್ ನಿಮ್ಮ ಇಲಾಖೆಗೆ ಕೊಟ್ಟು ಎರಡು ವರ್ಷ ಆತು. ಈ ಮೇಡಮ್ಮಾರ ಓದಿ ಸಹಿ ಮಾಡ್ಯಾರ."

ಪೆನ್ನಿನ ಸದ್ದು ನಿಂತಿತು.

ಶರಣು ಹೇಳಿದ್ದು ಸುಳ್ಳಲ್ಲ. ಕಡತದಲ್ಲಿ ಆ ಕಾಗದ ಇತ್ತು. 'ಸೋರ್ಸ್ ಕೋಡ್ ಸ್ವೀಕರಿಸಿ, ಓದಿ, ಪರಿಶೀಲಿಸಲಾಗಿದೆ.' ಕೆಳಗೆ ಶೈಲಾಳ ಸಹಿ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಓದಲು ಬರುವಂಥ ರೂಪದಲ್ಲಿ ಕೋಡನ್ನು, ಅಂದರೆ ಯಂತ್ರವನ್ನು ನಡೆಸುವ ಆಜ್ಞೆಗಳ ಬರಹವನ್ನು, ಇಲಾಖೆಗೆ ಕೊಡತಕ್ಕದ್ದು ಅಂತ ಕರಾರಿನಲ್ಲಿತ್ತು. ಕಂಪನಿಯವರು ಪೆನ್ ಡ್ರೈವ್ ತಂದಿಟ್ಟರು. ಅವಳು ಫೈಲ್ ತೆರೆದಳು. ಇಡೀ ಫೈಲಿನಲ್ಲಿ ಆರೇ ಸಾಲು. ಆರನೆಯ ಸಾಲು ಮಾತ್ರ ಬಲಕ್ಕೆ ಹರಿಯುತ್ತಾ ಹರಿಯುತ್ತಾ ಮುಗಿಯಲೇ ಇಲ್ಲ. ಎರಡು ಲಕ್ಷ ಅಕ್ಷರಕ್ಕೂ ಮೇಲೆ. ನಡುವೆ ಜಾಗ ಇಲ್ಲ, ಪ್ಯಾರಾ ಇಲ್ಲ, ಒಂದು ಮಾತಿನ ವಿವರಣೆ ಇಲ್ಲ. ಹೆಸರುಗಳೋ, ಎಕ್ಸ್ ಒಂದು, ಎಕ್ಸ್ ಎರಡು ಅಂತ ಶುರುವಾಗಿ ಎಕ್ಸ್ ಎರಡು ಸಾವಿರದ ಒಂಬೈನೂರರ ತನಕ. ಯಾವುದು ನೀರಿನ ಮಟ್ಟ, ಯಾವುದು ಮೋಟಾರು, ಯಾವುದು ಮನುಷ್ಯ ಒತ್ತುವ ಗುಂಡಿ, ದೇವರಿಗೇ ಗೊತ್ತು.

"ಸರ್, ಇದನ್ನ ಯಾರೂ ಓದಾಕಾಗಂಗಿಲ್ಲ," ಅಂದಿದ್ದಳು ಅವಳು.

"ಓದಾಕ ಯಾರಿಗೆ ಪುರಸೊತ್ತೈತ್ರಿ? ಯಂತ್ರಕ್ಕ ತಿಳದರ ಸಾಕು," ಅಂದಿದ್ದರು ಪರಮೇಶಪ್ಪ. "ಉದ್ಘಾಟನಾ ಸೋಮವಾರ ಐತಿ. ಸಹಿ ಮಾಡ್ರಿ."

ಅವಳು ಮಾಡಿದ್ದಳು. ಮಾಡುವಾಗಲೂ ಸಿಟ್ಟು ಬಂದಿತ್ತು. ಆದರೆ ಆ ಸಿಟ್ಟು ಕೈಗೆ ಇಳಿದಿರಲಿಲ್ಲ, ಬರೀ ಬಾಯಲ್ಲೇ ಉಳಿದಿತ್ತು.

ವಿಚಾರಣೆ ಮುಗಿದಾಗ 'ಆಪರೇಟರನ ಅಜಾಗರೂಕತೆ' ಅನ್ನುವ ಎರಡು ಶಬ್ದ ವರದಿಯ ಕರಡಿನಲ್ಲಿ ಕೂತಿದ್ದವು. ಯಲ್ಲಪ್ಪನ ಅಮಾನತ್ತು ಮುಂದುವರಿಯಿತು. ಅವನು ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಶೈಲಾ ಹೋಗಿ ನಿಂತಳು.

"ಯಲ್ಲಪ್ಪ, ಖರೇ ಹೇಳು. ನೀ ಗುಂಡಿ ಮುಟ್ಟಿದ್ದಿ ಏನು?"

ಅವನು ತಲೆ ಎತ್ತಿದ. ಇಷ್ಟು ಹೊತ್ತು ಕೆಳಗಿದ್ದ ಕಣ್ಣು ಈಗ ಕೆಂಪಾಗಿದ್ದವು. "ಹುಲಗೇಶನ ಹೇಂತಿ ನಮ್ಮ ಮನಿ ಮುಂದ ಮಣ್ಣು ತೂರಿ ಹೋಗ್ಯಾಳ್ರಿ. ಕೈ ತಿಂದವ ಅಂತ ಊರಾಗ ನನಗ ಹೆಸರಿಟ್ಟಾರ. ಈಗ ನೀವೂ ಕೇಳ್ರಿ. ಎಲ್ಲಾರೂ ಕೇಳ್ರಿ. ಅದನ್ನ ಓದೇನಿ ಅಂತ ಸಹಿ ಮಾಡಿದವ್ರು ನೀವ. ಅದರಾಗ ಏನೈತಿ ಅಂತ ನೀವ ಹೇಳ್ರಿ."

ಶೈಲಾ ಒಳಗೆ ಹೋಗಿ ಕಡತದಿಂದ ಆ ಪೆನ್ ಡ್ರೈವನ್ನು ತೆಗೆದುಕೊಂಡಳು.

ಮರುದಿನ ರಜೆ ಹಾಕಿ ಅವಳು ಸವಣೂರಿನ ಬಸ್ ಹತ್ತಿದಳು. ಅಲ್ಲಿ ಡಿಪ್ಲೊಮಾ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಜಾಹೀದ ಓದಿನ ದಿನಗಳಲ್ಲಿ ಅವಳಿಗಿಂತ ಎರಡು ವರ್ಷ ಹಿಂದಿದ್ದವನು. ಕೋಡ್ ನೋಡಿ ಅವನು ಮೊದಲು ನಕ್ಕ, ಆಮೇಲೆ ಹುಬ್ಬು ಗಂಟಿಕ್ಕಿದ.

"ಅಕ್ಕಾ, ಇದು ಬೇಕಂತನ ಹಿಂಗ ಕೊಟ್ಟದ್ದು. ಆ ಡ್ರಾಯಿಂಗ್ ಸಾಫ್ಟ್‌ವೇರಿನ್ಯಾಗ ಒಂದು ಟಿಕ್ ಹಾಕಿದ್ರ ಸಾಲು ಬಿಡಿಸಿ, ಹೆಸರು ಹಚ್ಚಿ, ಚೆಂದಾಗಿ ಬರದು ಕೊಡ್ತೈತಿ. ಇವರು ಟಿಕ್ ತಗದಾರ. ಕೊಟ್ಟಂಗೂ ಆಗಬೇಕು, ಕೊಡದಂಗೂ ಇರಬೇಕು."

"ಒಂದು ಟಿಕ್ಕೇನು?"

"ಒಂದ."

ಶೈಲಾ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಒಂದು ಟಿಕ್ ಹಾಕಲು ಎಷ್ಟು ಹೊತ್ತು ಬೇಕಿತ್ತು?

ಜಾಹೀದ ತನ್ನ ಬಳಿಯಿದ್ದ ಒಂದು ಪ್ರೋಗ್ರಾಂಗೆ ಆ ಫೈಲನ್ನು ಕೊಟ್ಟ. ಅದರ ಕೆಲಸ ಇಷ್ಟೇ: ಒಂದು ಆಜ್ಞೆಗೆ ಒಂದು ಸಾಲು ಕೊಡುವುದು, ಮತ್ತು ಯಾವುದಾದರೂ ಷರತ್ತಿಗೆ ಒಳಪಟ್ಟ ಆಜ್ಞೆ ಇದ್ದರೆ ಅದನ್ನು ನಾಲ್ಕು ಅಕ್ಷರದಷ್ಟು ಒಳಗೆ ಸರಿಸಿ ನಿಲ್ಲಿಸುವುದು. ಆರು ಸಾಲು ಹನ್ನೊಂದು ಸಾವಿರ ಸಾಲಾಯಿತು. ಮಳೆ ಬಿದ್ದ ಮೇಲೆ ಬೆಳೆ ಎದ್ದಂತೆ ಪರದೆಯ ಮೇಲೆ ಅಕ್ಷರಗಳು ಸಾಲು ಹಿಡಿದು ನಿಂತವು. ಆದರೂ ಅರ್ಥ ಬರಲಿಲ್ಲ. ಎಕ್ಸ್ ನಾಲ್ಕುನೂರಾ ಹದಿನೇಳು ಅಂದರೆ ಏನು ಅಂತ ಸಾಲು ಹೇಳುವುದಿಲ್ಲ.

"ಇದಕ್ಕ ಯಂತ್ರ ಬಲ್ಲವ್ರು ಬೇಕು ಅಕ್ಕಾ. ನಾ ಭಾಷಾ ಬಲ್ಲೆ, ಆ ಯಂತ್ರ ಬಲ್ಲವ ಅಲ್ಲ."

ಭಾನುವಾರ ಅವಳು ಆಡೂರಿಗೆ ಹೋಗಿ ಯಲ್ಲಪ್ಪನನ್ನು ಕರೆದಳು. ಅವನು ಮೊದಲು ಬರಲೊಪ್ಪಲಿಲ್ಲ. ಹತ್ತನೇ ಇಯತ್ತೆ ನಾಪಾಸಾದವ ನಾನು, ಕಾಲೇಜಿನಾಗ ಕುಂತು ಏನು ಮಾಡ್ಲಿ ಅಂದ. ಶೈಲಾ ಬಿಡಲಿಲ್ಲ. ಸವಣೂರಿನ ಆ ಪ್ರಯೋಗಾಲಯದಲ್ಲಿ ಹದಿಮೂರು ದಿನ, ಕಾಲೇಜು ಬಿಟ್ಟ ಮೇಲಿನ ಎರಡು ತಾಸು ಮತ್ತು ರಜೆಯ ದಿನ ಪೂರ್ತಿ, ಮೂವರೂ ಕೂತರು. ಪಂಪ್‌ಹೌಸಿನ ಗೋಡೆಗೆ ಅಂಟಿಸಿದ್ದ ತಂತಿಗಳ ಪಟ್ಟಿಯ ಫೋಟೋ ಯಲ್ಲಪ್ಪನ ಮೊಬೈಲಿನಲ್ಲಿತ್ತು. ಯಾವ ತಂತಿ ಯಾವ ನಂಬರಿಗೆ ಅಂತ ಅದರಿಂದ ಗೊತ್ತಾಯಿತು. ಉಳಿದದ್ದನ್ನು ಅವನು ಹೇಳುತ್ತಾ ಹೋದ. "ಹೊರಗ ಒಳಗ ನೀರಿನ ಫರಕು ಒಂದು ಫೂಟಾದ್ರ ಸರಪಳಿ ಏಳ್ತೈತಿ. ಅರ್ಧಾ ತಾಸಿಗೊಮ್ಮಿ ಸುಮ್ನ ಒಂದು ಸುತ್ತು. ಮತ್ತ ಎಂದೋ ಒಮ್ಮಿ ಒಂದು ಉದ್ದನ ಸುತ್ತು ಹಾಕ್ತೈತಿ, ಹಲ್ಲಿಗೆ ನೀರು ಸಿಡಸ್ತೈತಿ. ಯಾವಾಗ ಅಂತ ಗೊತ್ತಿಲ್ಲ, ಅದರ ಮರ್ಜಿ."

ಹೆಸರುಗಳನ್ನು ಕನ್ನಡದಲ್ಲೇ ಹಚ್ಚೋಣ ಅಂದಳು ಶೈಲಾ. ಎಕ್ಸ್ ಹದಿನಾಲ್ಕು 'ಹೊರಗಿನ ನೀರು' ಆಯಿತು. ಎಕ್ಸ್ ಮುನ್ನೂರಾ ಎರಡು 'ಸರಪಳಿ ಮೋಟಾರು'. ಎಕ್ಸ್ ಎಂಬತ್ತೊಂಬತ್ತು, ಯಲ್ಲಪ್ಪ ಒತ್ತಿದ ಗುಂಡಿ, 'ಬಂದ್'. ದಿನಕ್ಕೆ ನೂರು, ಇನ್ನೂರು ಹೆಸರು. ಒಂದು ದಿನ ಸಂಜೆ ಜಾಹೀದನ ತಾಯಿ ರೋಶನಬಿ ಡಬ್ಬಿ ತುಂಬ ಶಾವಿಗೆ ಪಾಯಸ ಕಳಿಸಿದ್ದಳು. ತಿನ್ನುತ್ತಾ ಯಲ್ಲಪ್ಪ ಪರದೆ ನೋಡಿ ತನ್ನಷ್ಟಕ್ಕೆ ಓದತೊಡಗಿದ. ಬಂದ್ ಇರದಿದ್ದರೆ. ನೀರಿನ ಫರಕು ಒಂದು ಫೂಟಿಗಿಂತ ಹೆಚ್ಚಿದ್ದರೆ. ಸರಪಳಿ ಮೋಟಾರು ಚಾಲೂ. ಶಾಲೆಯ ಪಾಠ ಓದುವವನ ಹಾಗೆ ಬೆರಳಿಟ್ಟು ಓದುತ್ತಿದ್ದ. ಶೈಲಾಳಿಗೆ ಸಿಟ್ಟು ಬಂತು. ಈ ಮನುಷ್ಯ ಓದಬಹುದಾದದ್ದನ್ನು ಈ ಮನುಷ್ಯನಿಂದಲೇ ಬಚ್ಚಿಟ್ಟಿದ್ದರು.

ಹನ್ನೆರಡನೆಯ ದಿನ ಸಿಕ್ಕಿತು. ಕಂಡುಹಿಡಿದವನು ಅವನೇ.

"ಮೇಡಮ್ಮಾರ, ಈ ಸಾಲು ಯಾಕ ಹೊರಗ ನಿಂತೈತ್ರಿ?"

ಶೈಲಾ ಬಗ್ಗಿ ನೋಡಿದಳು. ಸರಪಳಿಯನ್ನು ಚಾಲೂ ಮಾಡುವ ಸಾಲು ಕೋಡಿನಲ್ಲಿ ಮೂರು ಕಡೆ ಇತ್ತು. ಎರಡು ಕಡೆ ಅದು 'ಬಂದ್ ಇರದಿದ್ದರೆ' ಅನ್ನುವ ಷರತ್ತಿನ ಕೆಳಗೆ ಒಳಗೆ ಸರಿದು ನಿಂತಿತ್ತು. ಮೂರನೆಯದು ಎಡಕ್ಕೆ ಸರಿದು, ಆ ಷರತ್ತಿನ ಹಂಗಿಲ್ಲದೆ ಹೊರಗೆ ನಿಂತಿತ್ತು. 'ನೂರು ಸುತ್ತಿನ ಲೆಕ್ಕ ತುಂಬಿದರೆ ಸರಪಳಿ ಮೋಟಾರು ಚಾಲೂ.' ಅಷ್ಟೇ. ಬಂದ್ ಇದೆಯೋ ಇಲ್ಲವೋ ಅಂತ ಕೇಳುವುದೇ ಇಲ್ಲ.

ಜಾಹೀದ ಮೇಲೆ ಕೆಳಗೆ ಹುಡುಕಿದ. "ಡ್ರಾಯಿಂಗಿನ್ಯಾಗ ಬಂದ್ ಗುಂಡಿಯಿಂದ ಇಲ್ಲಿಗೆ ಬರೂ ಗೆರೀನ ಎಳೀಲಿಕ್ಕೆ ಮರತಾರ ಅಕ್ಕಾ. ಗೆರಿ ಇಲ್ಲಂದ್ರ ಸಾಫ್ಟ್‌ವೇರ್ ಷರತ್ತು ಹಾಕೂದೇ ಇಲ್ಲ. ಮತ್ತ ಇಲ್ಲಿ ನೋಡ್ರಿ, ಚಾಲೂ ಮಾಡಿದವರು ಯಾರು ಅಂತ ಇಲ್ಲಿ ಏನೂ ತುಂಬಿಲ್ಲ. ತುಂಬದಿದ್ರ ದಾಖಲೆಯೊಳಗ ತಾನ 'ಆಪರೇಟರ್' ಅಂತ ಬೀಳ್ತೈತಿ."

ಅರ್ಧ ತಾಸಿಗೊಂದು ಸುತ್ತು, ನೂರು ಸುತ್ತಿಗೆ ಐವತ್ತು ತಾಸು. ಯಂತ್ರ ಬಂದ್ ಇದ್ದರೂ ಲೆಕ್ಕ ಓಡುತ್ತಲೇ ಇರುತ್ತದೆ. ಐವತ್ತು ತಾಸಿಗೊಮ್ಮೆ ಸರಪಳಿ ತಿರುಗಿಯೇ ತಿರುಗುತ್ತದೆ, ಅದರ ಹಲ್ಲಿನಲ್ಲಿ ಯಾರ ಕೈ ಇದ್ದರೂ.

ಯಲ್ಲಪ್ಪ ಎದ್ದು ಹೊರಗೆ ಹೋದ. ವರಾಂಡದ ಕಂಬ ಹಿಡಿದು ಅವನು ಅಳುತ್ತಿದ್ದುದು ಒಳಗೆ ಕೇಳಿಸಿತು. ಶೈಲಾ ಅಳಲಿಲ್ಲ. ಕಾಗದ ತೆಗೆದುಕೊಂಡು ಆ ಮಂಗಳವಾರ ಬೆಳಿಗ್ಗೆಯಿಂದ ಐವತ್ತು, ಐವತ್ತು ತಾಸು ಕೂಡಿಸುತ್ತಾ ಬಂದಳು. ಹನ್ನೆರಡನೆಯ ಸಲದ್ದು ಶನಿವಾರಕ್ಕೆ ಬಿತ್ತು, ಸರಿಯಾಗಿ ಇಪ್ಪತ್ತೈದು ದಿನಕ್ಕೆ. ಬೆಳಿಗ್ಗೆ ಹತ್ತೂ ನಲವತ್ತೆರಡಕ್ಕೆ.

ಎರಡನೆಯ ವಿಚಾರಣೆ ಆ ಶನಿವಾರವೇ ಇತ್ತು. ಅದನ್ನು ಪಂಪ್‌ಹೌಸಿನಲ್ಲೇ ನಡೆಸಬೇಕು ಅಂತ ಶೈಲಾ ಬರೆದುಕೊಟ್ಟಳು. ಪರಮೇಶಪ್ಪ ಗೊಣಗುತ್ತಾ ಜೀಪು ಹತ್ತಿದರು. ಶರಣು ಬಂದ. ಯಲ್ಲಪ್ಪ, ಜಾಹೀದ ಆಗಲೇ ಅಲ್ಲಿದ್ದರು. ಅಪಘಾತದ ದಿನದಿಂದ ಕೋಣೆಗೆ ಸೀಲ್ ಇತ್ತು. ಕರೆಂಟು ತೆಗೆದಿರಲಿಲ್ಲ, ಸರಪಳಿ ಮಾತ್ರ ಬಂದ್. ಸೀಲ್ ಒಡೆದು ಒಳಗೆ ಹೋದಾಗ ಹತ್ತೂ ಇಪ್ಪತ್ತು.

ಶೈಲಾ ಮುದ್ರಿಸಿ ತಂದ ಹಾಳೆಗಳನ್ನು ಶರಣು ಎರಡು ಬೆರಳಲ್ಲಿ ಎತ್ತಿ ನೋಡಿದ. "ಇದು ನಮ್ಮ ಕೋಡ್ ಅಲ್ರಿ ಸರ್. ಇವರು ಸಾಲು ಬದಲಿ ಮಾಡ್ಯಾರ, ಹೆಸರು ಬದಲಿ ಮಾಡ್ಯಾರ. ತಾನ ತಯಾರಾದ ಕೋಡನ್ನ ಹಿಂಗ ಮುಟ್ಟಬಾರದು. ಇದನ್ನ ಪುರಾವೆ ಅನ್ನಾಕ ಬರಂಗಿಲ್ಲ."

"ಅನ್ನಬ್ಯಾಡ್ರಿ," ಅಂದಳು ಶೈಲಾ. "ಪರದಾ ನೋಡ್ರಿ. ಬಂದ್ ಐತೇನು?"

"ಐತಿ."

"ಯಾರರ ಗುಂಡಿ ಹತ್ರ ಅದಾರೇನು?"

"ಇಲ್ಲ."

"ಹಂಗಾರ ಎಲ್ಲಾರೂ ಕಿಡಕ್ಯಾಗ ನಿಂತು ಸರಪಳಿ ನೋಡ್ರಿ. ಹತ್ತೂ ನಲವತ್ತೆರಡಕ್ಕ ಅದು ತಿರಗತೈತಿ."

ಪರಮೇಶಪ್ಪ ಗಡಿಯಾರ ನೋಡಿದರು. ಕೆಳಗೆ ನೀರು ಜಾಳಿಗೆಗೆ ಬಡಿಯುತ್ತಿತ್ತು. ನಲವತ್ತಾಯಿತು, ನಲವತ್ತೊಂದಾಯಿತು. ಲೆಕ್ಕ ತಪ್ಪಿದ್ದರೆ ಅನ್ನಿಸಿತು ಶೈಲಾಳಿಗೆ. ಅಷ್ಟರಲ್ಲಿ ಕಟ್ ಅಂತ ಸದ್ದಾಯಿತು. ಒಣಗಿದ ಅಂತರಗಂಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಸರಪಳಿ ಎದ್ದಿತು. ಗರಗರ ಅಂತ ಒಂದು ಉದ್ದನೆಯ ಸುತ್ತು ಹಾಕಿ, ನೀರು ಸಿಡಿಸಿ, ನಿಂತಿತು. ಪರದೆಯಲ್ಲಿ ಹಳದಿ ದೀಪ ಬಂದ್ ಅಂತಲೇ ತೋರಿಸುತ್ತಿತ್ತು. ಅದರ ಕೆಳಗೆ ಹೊಸ ಸಾಲು ಬಿತ್ತು. ಚಾಲೂ ಮಾಡಿದವರು: ಆಪರೇಟರ್.

ಜಾಹೀದ ಆ ದಾಖಲೆಯನ್ನು ಹಿಂದಕ್ಕೆ ಸರಿಸಿದ. ಸೀಲ್ ಬಿದ್ದ ಮೇಲೆ, ಯಾರೂ ಇಲ್ಲದ ಕೋಣೆಯಲ್ಲಿ, ಆಪರೇಟರ್ ಹನ್ನೊಂದು ಸಲ ಗುಂಡಿ ಒತ್ತಿದ್ದ.

"ಯಾರ್ರಿ ಅವ ಆಪರೇಟರ್?" ಯಲ್ಲಪ್ಪನ ದನಿ ಏರಿತು. "ತೋರಸ್ರಿ ನನಗ ಅವನ್ನ. ಇಪ್ಪತ್ತೈದು ದಿನಾ ಅವನ ಹೆಸರ್ಲೆ ನಾ ಉಗುಳಿಸಿಕೊಂಡೇನಿ!"

ಶರಣು ಪರದೆಯ ಹತ್ತಿರ ಬಗ್ಗಿ ನೋಡಿದ. "ಡ್ರಾಯಿಂಗಿನ್ಯಾಗ ಕಾಣ್ಲಿಲ್ರಿ. ಕೋಡ್ ಯಾರೂ ಓದಂಗಿಲ್ಲ. ಖರೇ ಹೇಳ್ತೇನಿ, ನಾನೂ ಓದಿಲ್ಲ."

"ಇದೇ ಡ್ರಾಯಿಂಗ್ ಮತ್ತ ಎಲ್ಲೆಲ್ಲಿ ಹಾಕೀರಿ?" ಶೈಲಾ ಕೇಳಿದಳು.

ಅವನು ಹಾಳೆಗಳನ್ನು ಕೆಳಗಿಟ್ಟ.

"ಎಲ್ಲೆಲ್ಲಿ?"

"ಮೂರು ಕಡೆ. ಶಿಗ್ಗಾಂವಿ ಕಡೆ ಒಂದು, ಸವಣೂರು ಕಡೆ ಒಂದು, ಹಿರೇಕೆರೂರಿನ್ಯಾಗ ಒಂದು."

ಪರಮೇಶಪ್ಪ ಕೈ ಎತ್ತಿದರು. "ಆತು, ಸೋಮವಾರ ಕಂಪನಿಗೆ ಪತ್ರ ಬರೆಯೋಣ. ಅವರು ಬಂದು ಸರಿ ಮಾಡ್ತಾರ."

"ಸೋಮವಾರ?" ಶೈಲಾ ಆಗಲೇ ಫೋನ್ ತೆಗೆದಿದ್ದಳು. ಹಿರೇಕೆರೂರಿನ ಆಪರೇಟರ್ ಮಹಾಲಿಂಗಪ್ಪನಿಗೆ ಮೊದಲು ಹಚ್ಚಿದಳು. ಬಂದ್ ಇದ್ದಾಗಲೂ ಸರಪಳಿ ತಿರುಗುತ್ತದೆ, ಯಾರನ್ನೂ ಕೆಳಗೆ ಬಿಡಬೇಡಿ ಅಂತ ಹೇಳುತ್ತಿದ್ದಂತೆ ಆ ಕಡೆಯಿಂದ ಮುದಿ ದನಿ ತಡೆಯಿತು.

"ಗೊತ್ತೈತ್ರಿ ಮೇಡಮ್ಮಾರ. ಹ್ವಾದ ಮಳಿಗಾಲದಾಗ ನಮ್ಮಲ್ಲೂ ಹಂಗ ತಿರಗಿತ್ತು. ನಾ ಬರದು ಕಳಿಸಿದ್ದೆ. ನಿಂದ ತಪ್ಪು, ಗುಂಡಿ ನೀನ ಒತ್ತೀದಿ, ದಾಖಲೆ ಐತಿ ಅಂತ ಉತ್ತರ ಬಂತ್ರಿ."

ಫೋನಿನ ದನಿ ಕೋಣೆಯಲ್ಲೆಲ್ಲ ಕೇಳಿಸುತ್ತಿತ್ತು. ಪರಮೇಶಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. ಹಿರೇಕೆರೂರೂ ಅವರ ಉಪವಿಭಾಗದ್ದೇ. ಆ ಪತ್ರ ಅವರ ಮೇಜಿನಿಂದಲೇ ಕಂಪನಿಗೆ ಹೋಗಿತ್ತು, ಉತ್ತರವೂ ಅವರ ಮೇಜಿನ ಮೇಲಿಂದಲೇ ಹಾದು ಹೋಗಿತ್ತು. ಅದು ಅವರ ಬೆನ್ನು ನೋಡಿಯೇ ಶೈಲಾಳಿಗೆ ತಿಳಿಯಿತು.

"ಮಹಾಲಿಂಗಪ್ಪಾರ, ಫ್ಯೂಜಿನ ಪೆಟಗಿ ಬೀಗಾ ಒಡೀರಿ," ಅಂದಳು.

"ಅದು ಕಂಪನಿ ಬೀಗಾ ಐತ್ರಿ."

"ಕಲ್ಲು ತಗೊಂಡು ಒಡೀರಿ. ಫ್ಯೂಜ್ ಕಿತ್ತು ನಿಮ್ಮ ಕಿಸೇದಾಗ ಇಟಗೋರಿ. ಯಾರ ಕೇಳಿದ್ರೂ ಸಹಾಯಕ ಎಂಜಿನಿಯರ್ ಶೈಲಾ ಹೇಳ್ಯಾರ ಅನ್ರಿ."

"ಶೈಲಾ!" ಪರಮೇಶಪ್ಪ ಗದರಿದರು. "ಅದು ನಿಮ್ಮ ತಾಲೂಕಲ್ಲ. ಹಂಗ ಹೇಳಾಕ ನಿಮಗ ಅಧಿಕಾರ ಇಲ್ಲ."

"ಇಲ್ರಿ ಸರ್. ಓದದ ಓದೇನಿ ಅಂತ ಸಹಿ ಮಾಡಾಕೂ ಅಧಿಕಾರ ಇರಲಿಲ್ಲ. ಅದನ್ನ ಮಾಡಸೀರಿ." ಉಳಿದೆರಡು ಕಡೆಗೂ ಫೋನ್ ಹಚ್ಚಿ ಅದನ್ನೇ ಹೇಳಿದಳು. ಹನ್ನೊಂದೂಕಾಲರ ಹೊತ್ತಿಗೆ ಮೂರೂ ಕಡೆ ಬೀಗ ಒಡೆದಿತ್ತು. ಇಲ್ಲಿಯದನ್ನು ಯಲ್ಲಪ್ಪನೇ ಒಡೆದ. ಎರಡೇ ಏಟು.

ವರದಿ ಬದಲಾಯಿತು. ಯಲ್ಲಪ್ಪನನ್ನು ಕೆಲಸಕ್ಕೆ ತಿರುಗಿ ತೆಗೆದುಕೊಂಡರು. ಕಂಪನಿಯವರು ಬಂದು ಮರೆತ ಗೆರೆಯನ್ನು ಎಳೆದು ಹೋದರು. ಅದಕ್ಕೆ ಹಿಡಿದದ್ದು ಹತ್ತು ನಿಮಿಷ. ವರದಿಯಲ್ಲಿ ಅವರು 'ತಾಂತ್ರಿಕ ದೋಷ' ಅಂತಷ್ಟೇ ಬರೆಸಲು ನೋಡಿದರು. ಶೈಲಾ ತನ್ನ ಹೇಳಿಕೆಯನ್ನು ಬೇರೆಯಾಗಿ ಬರೆದು ಲಗತ್ತಿಸಿದಳು: 'ಕೋಡ್ ಓದಲು ಬರುವಂತಿರಲಿಲ್ಲ. ನಾನು ಓದಿರಲಿಲ್ಲ. ಓದಿದ್ದೇನೆಂದು ಸುಳ್ಳು ಸಹಿ ಮಾಡಿದೆ. ಮಾಡಲು ಹೇಳಿದವರು ಇಂಥವರು.' ಆ ಹಾಳೆಯನ್ನು ವಾಪಸ್ ತೆಗೆದುಕೊಳ್ಳಿ ಅಂತ ಪರಮೇಶಪ್ಪ ಎರಡು ಸಲ ಕರೆಸಿ ಹೇಳಿದರು, ಮೂರನೆಯ ಸಲ ಕರೆಯಲಿಲ್ಲ. ಬೀಗ ಒಡೆಸಿದ್ದಕ್ಕೂ ಸುಳ್ಳು ಸಹಿಗೂ ಸೇರಿಸಿ ಅವಳಿಗೆ ಒಂದೇ ನೋಟೀಸು ಬಂತು.

ನೋಟೀಸು ಬಂದ ಮರುದಿನ ಅವಳು ಆಡೂರಿಗೆ ಹೋದಳು. ಹುಲಗೇಶ ಕಟ್ಟೆಯ ಮೇಲೆ ಕೂತಿದ್ದ. ಬಲಗೈಯ ಮೊಂಡನ್ನು ಟವೆಲಿನಲ್ಲಿ ಮುಚ್ಚಿಕೊಂಡಿದ್ದ. ಬರ್ರಿ ಅನ್ನಲಿಲ್ಲ. ಶೈಲಾ ಎದುರಿಗೆ ಕೂತು, ಹೊರಗೆ ನಿಂತ ಸಾಲು ಇದ್ದ ಆ ಒಂದು ಹಾಳೆ ಕೊಟ್ಟಳು. ಅವನು ಎಡಗೈಯಲ್ಲಿ ಹಿಡಿದು ನಿಧಾನಕ್ಕೆ ಓದಿದ.

"ಇಷ್ಟನ?" ಅಂದ.

"ಇಷ್ಟ."

"ನೀವು ಅವತ್ತ ಓದಿದ್ರ..."

"ಅವತ್ತ ಅದು ಓದಾಕ ಬರಂಗಿರಲಿಲ್ಲ ಹುಲಗೇಶ."

"ಬರಂಗಿಲ್ಲ ಅಂತ ಬರೀಬೇಕಿತ್ತು," ಅಂದ ಅವನು. ಕೂಗಲಿಲ್ಲ. "ಅಷ್ಟ ಬರದಿದ್ರ ಸಾಕಿತ್ತು."

"ಹೌದು."

ಒಳಗಿನಿಂದ ಅವನ ಹೆಂಡತಿ ಇಣುಕಿ ನೋಡಿ, ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿ ಹೋದಳು.

"ಕೋರ್ಟಿನ್ಯಾಗ ಕೇಸ್ ಹಾಕೇವಿ. ಕಂಪನಿ ಮ್ಯಾಲ, ನಿಮ್ಮ ಇಲಾಖೆ ಮ್ಯಾಲ. ನಿಮ್ಮ ಹೆಸರೂ ಐತಿ ಅದರಾಗ."

"ಇರ್ಲಿ."

"ಬಂದು ಇದನ್ನ ಹಿಂಗ ಓದಿ ಹೇಳ್ತೀರೇನು, ನ್ಯಾಯಾಧೀಶರ ಮುಂದ? ಎಲ್ಲಾರಿಗೂ ತಿಳಿಯಂಗ?"

"ಹೇಳ್ತೇನಿ."

"ಹದಿನಾಲ್ಕನೇ ತಾರೀಖು. ಮುಂಜಾನೆ ಹನ್ನೊಂದಕ್ಕ," ಅಂದ ಹುಲಗೇಶ. ಹಾಳೆಯನ್ನು ವಾಪಸ್ ಕೊಡಲಿಲ್ಲ. ಮಡಚಲು ಒಂದೇ ಕೈ ಸಾಲದೆ, ತೊಡೆಯ ಮೇಲಿಟ್ಟು ಒತ್ತತೊಡಗಿದ. ಶೈಲಾ ಸಹಾಯಕ್ಕೆ ಕೈ ಚಾಚಿದಳು.

"ಬ್ಯಾಡ," ಅಂದ ಅವನು.